ಸಾಹೇಬನ ಗಿಡಕ್ಕೆ ಕೊಡಲಿ

ತಿಕೋಟಾದ ಬಸಗೊಂಡಪ್ಪ ಗೌಡರ ಮನೆಯ ಮುಂದೆ ಒಳ್ಳೆಯ ಬೇವಿನ ಗಿಡವಿತ್ತು. ಇಂಗ್ರೇಜರ ದೊಡ್ಡ ಲಡಾಯಿ ನಡೆದಿದ್ದಾಗ ಅದನ್ನು ಕಡಿಸಿ ಅಲ್ಲಿ ಯುಕ್ಕಾ ಎಂಬ ಪರದೇಶಿ ಗಿಡವನ್ನು ಬೇರುಸಹಿತ ತಂದು ನೆಟ್ಟರು. ವಿಜಾಪುರದ ಸೊಲ್ಲಾಪುರ ರಸ್ತೆಯ ಬಂಗಲೆಯಲ್ಲಿದ್ದ ಇಂಗ್ರೇಜಿ ಸಾಹೇಬ ವರ್ಗವಾಗಿ ಹೋಗುವಾಗ ಬಿಟ್ಟುಹೋದ ಗಿಡ ಅದು. ಎರಡಾಳು ಎತ್ತರ. ಹಸಿ ಎಲೆ ಒಂದೊಂದೂ ಚೂರಿ. ಒಣಗಿದ್ದೂ ಉದುರದೆ, ಚೂಪು ಬಿಡದೆ, ಕಾಂಡಕ್ಕೆ ಜೋತುಬಿದ್ದಿರುತ್ತಿತ್ತು. ನೀರು ಬೇಡುವುದಿಲ್ಲ ನಿಜ, ಆದರೆ ನೆರಳೂ ಕೊಡುವುದಿಲ್ಲ. ಮೂರು ವರ್ಷದಲ್ಲಿ ಗೇಣೂ ಬೆಳೆದಿರಲಿಲ್ಲ. ನಮ್ಮ ಬದುವಿನಲ್ಲಿ ಪುಕ್ಕಟೆ ಬೆಳೆಯುವ ಕತ್ತಾಳೆಗೂ ಅದಕ್ಕೂ ನನಗಂತೂ ದೊಡ್ಡ ಅಂತರ ಕಾಣಲಿಲ್ಲ. ಆದರೆ ಕತ್ತಾಳೆ ತೋರಿಸಲು ಬಬಲೇಶ್ವರದಿಂದ ನಮ್ಮನ್ನು ಕರೆಸಲಾದೀತೆ?

ನಮ್ಮನ್ನು ಕರೆಸಿದ್ದು ಗಿಡಕ್ಕಾಗಿ ಮಾತ್ರವಲ್ಲ. ಗೌಡರ ಮಗ ಶಿವಯೋಗೆಪ್ಪನಿಗೆ ಲಗ್ನವಾಗಿ ಎಂಟು ವರ್ಷ, ಮಕ್ಕಳಿಲ್ಲ. ಹೆಂಡತಿ ಶಂಕ್ರೆವ್ವನ ಮೇಲೆ ಎರಡನೆಯವಳನ್ನು ತರಬೇಕೆಂದು ನನ್ನ ಅಣ್ಣನ ಮಗಳನ್ನು ಕೇಳಿದ್ದರು. ಅಣ್ಣನ ಕಣ್ಣು ಗೌಡರ ಎರೆಹೊಲದ ಮೇಲೆ, ನನ್ನದು ಹೋಳಿಗೆಯ ಮೇಲೆ. ಹುಡುಗಿಗೆ ಹದಿನಾರೇ ವರ್ಷ ಎಂಬುದು ಇಬ್ಬರಿಗೂ ಅಡ್ಡ ಬರಲಿಲ್ಲ. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳಬೇಕು.

ಅಂದು ಗಿಡದ ತುದಿಯಲ್ಲಿ ಪುಟ್ಟ ಗಂಟೆಗಳಂಥ ಬಿಳಿ ಹೂಗಳ ದೊಡ್ಡ ಗೊಂಚಲು ನಿಂತಿತ್ತು.

"ವರ್ಷಾ ಹೂ ಬಿಡ್ತದ್ರಿ, ಒಂದ ಒಂದು ಕಾಯಿ ಕಚ್ಚಂಗಿಲ್ಲ. ನಮ್ಮ ಮನಿ ಹಣೇಬರಾನ ಹಿಂಗ ಐತಿ," ಎಂದು ಗೌಡರು ಸೊಸೆಯತ್ತ ಗದ್ದ ಎತ್ತಿ ತೋರಿಸಿದರು. ಶಂಕ್ರೆವ್ವ ನೀರಿನ ತಂಬಿಗೆ ಹಿಡಿದು ಅಲ್ಲೇ ನಿಂತಿದ್ದಳು.

ಬಂಗಲೆಯ ಮಾಲಿ ಚಮನಸಾಬ ಗಿಡದ ಜೊತೆಗೇ ಗೌಡರಲ್ಲಿಗೆ ಬಂದವನು. ಅವನಿಗೆ ತಡೆಯಲಾಗಲಿಲ್ಲ. "ಗಿಡದ್ದೇನೂ ತಪ್ಪಿಲ್ರಿ ಗೌಡ್ರ. ಮೇಮಸಾಬರು ಹೇಳ್ತಿದ್ರು, ಅಮೇರಿಕಾದ ಮರಳಗಾಡಿನ್ಯಾಗ ಇದಕ್ಕಂತನ ಒಂದು ಬಿಳಿ ಪತಂಗ ಐತಂತ. ಅದು ಹೂವಿನ ಪುಡಿ ತಂದು ಇಟ್ರಷ್ಟ ಕಾಯಿ. ಆ ಪತಂಗ ನಮ್ಮ ಕಡೆ ಇಲ್ರಿ."

"ಹುಳದ ಪುರಾಣ ಸಾಕು. ಕೊಡಲಿ ತಗೊಂಬಾ."

ಕಾಯಿ ಬಿಡದ ಗಿಡಕ್ಕೆ ಕೊಡಲಿ ತೋರಿಸುವುದು ಹಳೆಯ ಪದ್ಧತಿ. ಯಜಮಾನ ಕೊಡಲಿ ಎತ್ತಿ ಗದರಿಸಬೇಕು. ಮನೆಯ ಹೆಣ್ಣುಮಗಳೊಬ್ಬಳು ಗಿಡದ ಹಿಂದೆ ನಿಂತು, ಗಿಡವೇ ಮಾತಾಡಿದಂತೆ, 'ಬ್ಯಾಡ್ರಿ ಯಪ್ಪಾ, ಬರೂ ವರ್ಷ ಬಿಡ್ತೀನಿ' ಎಂದು ಬೇಡಿಕೊಳ್ಳಬೇಕು. ಮಾವಿಗೂ ಹುಣಸೆಗೂ ಮಾಡಿದ್ದನ್ನು ನೋಡಿದ್ದೆ. ಅಮೇರಿಕದ ಗಿಡಕ್ಕೆ ಕನ್ನಡ ತಿಳಿದೀತೆ ಎಂದು ಕೇಳಹೋದವನು ಹೋಳಿಗೆ ನೆನಪಾಗಿ ಸುಮ್ಮನಾದೆ.

ಗೌಡರು ಬೇಕೆಂದೇ ಶಂಕ್ರೆವ್ವನನ್ನು ಗಿಡದ ಹಿಂದೆ ನಿಲ್ಲಿಸಿದರು. ತಪ್ಪು ತನ್ನದೆಂದು ಅವಳ ಬಾಯಿಂದಲೇ, ಹೊಸ ಬೀಗರ ಎದುರಿಗೇ ಹೇಳಿಸಬೇಕಿತ್ತು. ಶಿವಯೋಗೆಪ್ಪ ಕಟ್ಟೆಯ ಮೇಲೆ ಕುಳಿತು ಮೀಸೆ ತಿರುವುತ್ತಿದ್ದ.

"ಏ ಬಂಜಿ, ಕಾಯಿ ಬಿಡ್ತಿಯೋ ಕಡೀಲೋ?"

ಗೌಡರು ಕೊಡಲಿ ಎತ್ತಿ ಇನ್ನೊಮ್ಮೆ ಕೂಗಿದರು. ಆಗ ಎಲೆಗಳ ಆಚೆಯಿಂದ ಶಂಕ್ರೆವ್ವನ ದನಿ ಬಂತು.

"ಹೂವು ನಾ ವರ್ಷಾ ಬಿಡಾಕತ್ತೇನ್ರಿ ಯಪ್ಪಾ. ಪತಂಗ ಬರಲಿಲ್ಲಂದ್ರ ನನ್ನ ಯಾಕ ಕಡೀತೀರಿ? ಬಬಲೇಶ್ವರದಿಂದ ಇನ್ನೊಂದು ಗಿಡ ತಂದು ನೆಟ್ರೂ ಅದರದೂ ಇದ ಗತಿ."

ಶಿವಯೋಗೆಪ್ಪನ ಕೈ ಮೀಸೆಯ ಮೇಲೇ ನಿಂತಿತು. ನನಗೆ ನಗು ತಡೆಯಲಾಗಲಿಲ್ಲ, ನಕ್ಕೆ. ಅಣ್ಣ ಎಲೆಅಡಿಕೆಯ ತಟ್ಟೆ ಕೆಳಗಿಟ್ಟು ಎದ್ದ.

"ಗೌಡ್ರ, ಮೊದಲ ಮಗನ್ನ ಸೊಲ್ಲಾಪುರದಾಗ ಡಾಕ್ಟರಿಗೆ ತೋರಸ್ರಿ. ಆಮ್ಯಾಲ ನಮ್ಮ ಹುಡುಗಿ ಮಾತು."

ಗೌಡರಿಗೆ ಸಿಟ್ಟು ನೆತ್ತಿಗೇರಿ ನಿಜವಾಗಿಯೇ ಕೊಡಲಿ ಬೀಸಿದರು. ಯುಕ್ಕಾದ ಕಾಂಡ ಬರೀ ನಾರು. ಕೊಡಲಿ ಅದರಲ್ಲಿ ಹೂತು ಕೂತುಬಿಟ್ಟಿತು. ಅಪ್ಪ ಎಳೆದ, ಮಗ ಎಳೆದ, ಇಬ್ಬರೂ ಕೂಡಿ ಎಳೆದರು. ಒಣ ಎಲೆ ಚುಚ್ಚಿ ಮೊಣಕೈತನಕ ರಕ್ತ ಬಂತೇ ಹೊರತು ಕೊಡಲಿ ಬರಲಿಲ್ಲ. ನಾವು ಹೋಳಿಗೆ ಮುಟ್ಟದೆ ಊರ ಹಾದಿ ಹಿಡಿದೆವು.

ಮರುವರ್ಷ ಬಬಲೇಶ್ವರದ ಸಂತೆಯಲ್ಲಿ ಚಮನಸಾಬ ಸಿಕ್ಕಿದ. ಶಿವಯೋಗೆಪ್ಪ ಸೊಲ್ಲಾಪುರಕ್ಕೂ ಹೋಗಲಿಲ್ಲವಂತೆ, ಹೆಣ್ಣು ಕೇಳಲು ಬೇರೆ ಊರಿಗೂ ಹೋಗಲಿಲ್ಲವಂತೆ. ಶಂಕ್ರೆವ್ವನ ಆ ಮಾತು ಅವರಿಗಿಂತ ಮುಂಚೆ ಊರೂರು ಮುಟ್ಟಿತ್ತು. ಗಿಡ ಮತ್ತೆ ಹೂ ಬಿಟ್ಟಿತ್ತು.

"ಕೊಡಲಿ ಏನಾತೋ?" ಎಂದೆ.

"ಅಲ್ಲೇ ಐತ್ರಿ. ಅದರ ಹಿಡಿಕಿ ಮ್ಯಾಲ ಶಂಕ್ರೆವ್ವ ದಿನಾ ಕುಬಸ ಒಣಗಹಾಕ್ತಾಳ."