ವಿಭೂತಿ ಅಳಿಸದ ಹೆಡ್‌ಸೆಟ್

ಮಂಡಿ ಆಪರೇಷನ್ ಆದಮೇಲೆ ಅಪ್ಪ ಬೆಟ್ಟ ಹತ್ತಬಾರದು ಎಂದರು ಡಾಕ್ಟರು. ಪ್ರತಿ ಅಮಾವಾಸ್ಯೆಗೂ ಕೊಳ್ಳೇಗಾಲದಲ್ಲಿ ಬಸ್ಸು ಹತ್ತಿ, ತಾಳಬೆಟ್ಟದಲ್ಲಿ ಇಳಿದು, ಅಲ್ಲಿಂದ ಮಾದಪ್ಪನ ಬೆಟ್ಟಕ್ಕೆ ನಡೆದೇ ಹೋಗುತ್ತಿದ್ದವರು ಅವರು.

ನಮ್ಮ ಮನೆಯಲ್ಲಿ ಟಿ.ವಿ.ಗೆ ಹಾಕುವ ಗೇಮ್ ಕನ್ಸೋಲ್ ಇದೆ. ಅದರ ವಿ.ಆರ್. ಹೆಡ್‌ಸೆಟ್ಟನ್ನು ಕಣ್ಣಿಗೆ ಕಟ್ಟಿಕೊಂಡರೆ ಕುರ್ಚಿಯಲ್ಲಿ ಕೂತೇ ಬೆಟ್ಟ ಹತ್ತುವ ಆಟವೊಂದಿದೆ. ಅಪ್ಪ ಅದಕ್ಕೆ ಒಪ್ಪದಿದ್ದರೆ ಅಮಾವಾಸ್ಯೆ ದಿನ ಹೇಳದೆ ಬಸ್ಸು ಹತ್ತುತ್ತಾರೆ ಎಂಬ ಭಯ ನನಗೆ.

ಮೊದಲ ಸಲ ಪೂಜೆ ಮುಗಿಸಿ ಬಂದು ಹಾಕಿಕೊಂಡರು. ಸ್ವಲ್ಪ ಹೊತ್ತಿಗೇ ಕಿತ್ತರು. ಹಣೆಯ ಮೂರು ಪಟ್ಟೆ ವಿಭೂತಿ ಹೆಡ್‌ಸೆಟ್ಟಿನ ಮೆತ್ತೆಗೆ ಅಂಟಿತ್ತು. ಒಳಗಿನ ಗಾಜಿನ ಮೇಲೂ ಉದುರಿ ಮಸುಕಾಗಿತ್ತು.

"ಅಣೆ ಬೋಳು ಮಾಡ್ತಲ್ಲೋ ಇದು."

"ಆಟ ಮುಗುದ್ಮೇಲೆ ಇನ್ನೊಂದ್ಸಲ ಇಟ್ಕಳಿ ಮಾವ," ಎಂದಳು ನನ್ನ ಹೆಂಡತಿ ಭವ್ಯ.

"ಬೋಳಣೇಲಿ ಬೆಟ್ಟುಕ್ ಓಗದಾ? ನೀನ್ ಓಗವ್ವ."

ನಾನು ಇನ್ವರ್ಟರ್ ರಿಪೇರಿ ಮಾಡುವವನು. ಆ ಕೆಲಸ ಕಲಿತ ಸಂಜೆ ತರಗತಿಯಲ್ಲಿ ಹೆಡ್‌ಸೆಟ್ಟಿನ ಪಾಠ ಇರಲಿಲ್ಲ. ಗ್ಯಾರಂಟಿ ಕಾರ್ಡನ್ನು ಮತ್ತೆ ಮತ್ತೆ ಓದಿ, ಹಣೆಯ ಮೆತ್ತೆಯ ನಡುಭಾಗವನ್ನು ಬ್ಲೇಡಿನಲ್ಲಿ ಕೊಯ್ದೆ. ಭಾರವೆಲ್ಲ ಮೂಗಿನ ಮೇಲೆ ಬಿತ್ತು. ಹಿಂದಿನ ಪಟ್ಟಿಗೆ ರಾಗಿ ತುಂಬಿದ ಪುಟ್ಟ ಚೀಲ ಹೊಲಿದೆ, ಮೂಗು ಹಗುರಾಯಿತು. ಕೊಯ್ದ ಜಾಗದಿಂದ ಬೆಳಕು ನುಗ್ಗಿತು. ಅಲ್ಲಿಗೆ ಕಪ್ಪು ಬಟ್ಟೆಯ ಸೂರು ಇಳಿಬಿಟ್ಟೆ. ಕೊನೆಗೆ ಗಾಜನ್ನು ಫಳಫಳ ಒರೆಸಿದೆ.

ಅಮಾವಾಸ್ಯೆ ಬೆಳಿಗ್ಗೆ ಅಪ್ಪ ಬೆಟ್ಟಕ್ಕೆ ಒಯ್ಯುವ ಚೀಲ ಹಿಡಿದೇ ಬಂದು ಕೂತರು. ಅದನ್ನು ತೊಡೆಯ ಮೇಲಿಟ್ಟುಕೊಂಡೇ ಹೆಡ್‌ಸೆಟ್ ಹಾಕಿಕೊಂಡರು. ಒಂದಷ್ಟು ಹತ್ತಿದರು. ತೆಗೆದು ಕನ್ನಡಿ ನೋಡಿಕೊಂಡರು. ಮೂರು ಪಟ್ಟೆಯೂ ಹಾಗೇ ಇದ್ದವು.

"ಎಂಗದೆ ಅಪ್ಪ?"

"ಅಣೆ ಸರಿಯಾಯ್ತು. ಬೆಟ್ಟ ಕೆಟ್ಟೋಯ್ತು."

"ಅದೇ ಬೆಟ್ಟ ಕಣಪ್ಪ."

"ಅವತ್ತು ಮಂಜಿತ್ತು ಕಣ್ಲಾ. ಇವತ್ತು ಮೇಲ್ಗಂಟ ಎಲ್ಲಾ ಕಾಣ್ತದೆ. ಇಲ್ಲಿಂದ್ಲೇ ಕಾಣೋ ಬೆಟ್ಟುಕ್ಕೆ ಯಾಕ್ ಓಗದು?"

ಚೀಲ ಹಿಡಿದು ಎದ್ದು ಬಾಗಿಲತ್ತ ನಡೆದರು. ನಾನು ದೇವರ ಗೂಡಿನಿಂದ ಚಿಟಿಕೆ ವಿಭೂತಿ ತಂದು ಎರಡು ಗಾಜಿಗೂ ತೆಳ್ಳಗೆ ಸವರಿದೆ. ಇದರ ಬಗ್ಗೆ ಗ್ಯಾರಂಟಿ ಕಾರ್ಡಿನಲ್ಲಿ ಏನೂ ಬರೆದಿರಲಿಲ್ಲ.

"ಒಂದ್ಸಲ ನೋಡು ಬಾಪ್ಪ," ಎಂದೆ.

ಅಪ್ಪ ಹಿಂದಕ್ಕೆ ಬಂದು ಕೂತು ಹಾಕಿಕೊಂಡರು. ಸುಮಾರು ಹೊತ್ತಾದ ಮೇಲೆ ಚೀಲವನ್ನು ನೆಲಕ್ಕಿಟ್ಟರು.

"ಭವ್ಯ," ಎಂದರು, ಕಣ್ಣು ಕಟ್ಟಿಕೊಂಡಂತೆಯೇ. "ಊಟುಕ್ ಕಾಯ್ಬೇಡ್ರವ್ವ. ನಾನು ಇಳ್ಯೋದು ಸಂಜೆ ಆಯ್ತದೆ."