ಕಣ್ಣಿಗೆ ಕಾಣುವ ಕಾಯಿಲೆ

“ಸಾಯೋರ ಮುಖ ಹೀಗಿರಲ್ಲ ಕಣಮ್ಮ. ಎಷ್ಟು ಜನರನ್ನ ನೋಡಿಲ್ಲ ನಾನು!”

ವಿಶ್ವವಿದ್ಯಾಲಯದ ಕುಲಸಚಿವರು ಕುರ್ಚಿಗೆ ಒರಗಿಕೊಂಡೇ ಹೇಳಿದರು. ಎದುರಿಗೆ ಟೈಪಿಸ್ಟಕ್ಕ ರಜೆ ಅರ್ಜಿ ಹಿಡಿದು ನಿಂತಿದ್ದಳು. ಪರೀಕ್ಷಾ ವಿಭಾಗದಲ್ಲಿ ಬೆರಳು ಸವೆಸಿದವಳು ಅವಳು. ಹೆಸರು ಹಿಡಿದು ಕರೆಯುವವರು ಅಲ್ಲಿ ಯಾರೂ ಉಳಿದಿರಲಿಲ್ಲ.

“ಆಪರೇಶನ್ನಿಗೆ ರಜೆ ಕೊಟ್ಟಾಯ್ತಲ್ಲ, ಮತ್ತೇನು?”

“ಕ್ಯಾನ್ಸರ್ ಔಷಧಿ ಏರಿಸ್ತಾರೆ ಸಾರ್. ಏರಿಸಿದ್ಮೇಲೆ ತಲೆ ಎತ್ತಕ್ಕಾಗಲ್ಲ. ಒಂದೇ ಸಮ ವಾಂತಿ.”

“ವಾಂತಿಗೆಲ್ಲ ರಜೆ ಕೊಟ್ರೆ ಬಸುರಿಯರೆಲ್ಲ ಸಾಲು ನಿಲ್ತಾರೆ.”

ಪಕ್ಕದಲ್ಲಿದ್ದ ಮೇಲ್ವಿಚಾರಕ ಕಿಸಕ್ಕನೆ ನಕ್ಕ. ಬೆನ್ನುನೋವೆಂದು ರಜೆ ಹಾಕಿ ಮಗಳ ಮದುವೆ ಮುಗಿಸಿ ಬಂದವನು ಅವನು.

“ಒಂದು ಕಾಯಿಲೆಗೆ ಒಂದೇ ಸಲ ರಜೆ ಸಾರ್, ನಿಯಮ ಹಾಗಿದೆ. ಹೇಳದೆ ಕೇಳದೆ ಹೋದ್ರೆ ಕೆಲಸದಿಂದ ತೆಗೀಬಹುದು.”

ಕೆಲಸ ಹೋದರೆ ಚಿಕಿತ್ಸೆಯ ಖರ್ಚು ಭರಿಸುವ ಆಸ್ಪತ್ರೆಯ ಕಾರ್ಡೂ ಹೋಗುತ್ತದೆ. ಅದು ಅವನಿಗೂ ಗೊತ್ತಿತ್ತು.

ಟೈಪಿಸ್ಟಕ್ಕ ಹೊರಗೆ ಬಂದಳು. ಸೀಟಿಗೆ ಬಂದವಳೇ ಮೇಜಿನ ಕೆಳಗಿನ ಕಸದ ಬುಟ್ಟಿಗೇ ಬಗ್ಗಿ ಕಾರಿಕೊಂಡಳು. ಪಕ್ಕದ ಸೀಟಿನ ಟಪಾಲು ರವಾನೆಯವಳು ಕುರ್ಚಿ ಸರಿಸಿಕೊಂಡಳು. ವರ್ಷಗಟ್ಟಲೆ ಒಂದೇ ಡಬ್ಬಿಯಲ್ಲಿ ಕೈಹಾಕಿ ಉಂಡವಳು, ಆಪರೇಶನ್ ಆದಾಗಿನಿಂದ ಡಬ್ಬಿ ಎತ್ತಿಕೊಂಡು ಕಿಟಕಿಯ ಹತ್ತಿರ ಹೋಗುತ್ತಿದ್ದಳು.

“ನೀರು ಕೊಡ್ತೀಯೇನೇ?”

“ನನ್ ಬಾಟ್ಲಿ ಖಾಲಿ ಅಕ್ಕ,” ಅಂದಳು. ಬಾಟಲಿಯಲ್ಲಿ ಅರ್ಧದಷ್ಟು ನೀರು ಕಾಣುತ್ತಿತ್ತು.

ಬುಟ್ಟಿ ಹಿಡಿದು ಟೈಪಿಸ್ಟಕ್ಕ ತಾನೇ ಬಚ್ಚಲಿಗೆ ನಡೆದಳು. ತೊಳೆದಳು. ಕನ್ನಡಿಯಲ್ಲಿ ಕೂದಲಿಲ್ಲದ ಹುಬ್ಬು ನೋಡಿಕೊಂಡಳು. ಮನೆಯಲ್ಲಿ ಅಳೋಣವೆಂದರೆ ಅಮ್ಮನ ಮುಂದೆ ಆಗದು. ಇಲ್ಲಿ ಬಾಗಿಲಿಗೆ ಚಿಲಕವೇ ಇಲ್ಲ. “ಥೂ, ಹಲ್ಕಾ ನನ್ಮಕ್ಳು,” ಅಂದಳು ನಲ್ಲಿಗೆ. ನಲ್ಲಿ ಸುರಿಯುತ್ತಲೇ ಇತ್ತು.

ಮುಖ ಒರೆಸಿಕೊಂಡು ಮತ್ತೆ ಕುಲಸಚಿವರ ಕೋಣೆಗೇ ನುಗ್ಗಿದಳು.

“ಏನಮ್ಮ ಮತ್ತೆ? ಹೇಳಿದ್ದು ಅರ್ಥ ಆಗಲ್ವಾ?”

ಮೇಲ್ವಿಚಾರಕ ಸಮಾಧಾನದ ದನಿ ತೆಗೆದ. “ನೋಡಕ್ಕ, ಕಾಲು ಮುರಿದಿದ್ರೆ ಪಟ್ಟಿ ಕಾಣುತ್ತೆ. ನಿಮ್ದು ಕಣ್ಣಿಗೆ ಕಾಣೋಹಾಗೆ ಏನಿದೆ? ಯಾರನ್ನ ಕೇಳಿದ್ರೂ ಗಟ್ಟಿಮುಟ್ಟಾಗಿದಾರೆ ಅಂತಾರೆ.”

ಟೈಪಿಸ್ಟಕ್ಕ ಅಂಗಿಯ ಕೊರಳಿನೊಳಗೆ ಕೈ ಇಳಿಸಿದಳು. ಹಳೆಯ ಹೊದಿಕೆ ಹರಿದು, ಹತ್ತಿ ತುಂಬಿ, ತಾನೇ ಹೊಲಿದುಕೊಂಡಿದ್ದ ಉಂಡೆಯನ್ನು ಈಚೆಗೆಳೆದು ಮೇಜಿನ ಮೇಲಿಟ್ಟಳು. ಬೆವರಿಗೆ ಅದು ಒದ್ದೆಯಾಗಿತ್ತು. ಅಂಗಿಯ ಎಡಭಾಗ ಕುಸಿದು ಪಕ್ಕೆಲುಬಿಗೆ ಅಂಟಿತು.

“ಕಾಣಿಸ್ತಾ ಈಗ? ಇಲ್ಲಾ, ಬಿಚ್ಚಿ ತೋರಿಸ್ಲಾ? ಹೊಲಿಗೆ ಎಣಿಸ್ಕೊತೀರಾ?”

ಕುಲಸಚಿವರು ಕಣ್ಣು ಎಲ್ಲಿಡಬೇಕೆಂದು ತಿಳಿಯದೆ ಗೋಡೆ ನೋಡಿದರು. “ತಗೊಂಡ್ಹೋಗಮ್ಮ ಅದನ್ನ. ಅಸಹ್ಯ!”

“ನನ್ನನ್ನ ನೋಡೋರಿಗೆ ಅಸಹ್ಯ ಆಗ್ಬಾರ್ದು ಅಂತ ಇಟ್ಕೊಂಡಿದ್ದೆ ಸಾರ್. ಇನ್ನು ನೀವೇ ಇಟ್ಕೊಳಿ. ಆಸ್ಪತ್ರೆಗೆ ಹೋಗ್ತಿದೀನಿ. ತೆಗಿಯೋದಾದ್ರೆ ತೆಗೀರಿ.”

ಬಾಗಿಲು ಎಳೆಯದೆ ನಡೆದಳು. ದೊಡ್ಡ ಹಾಲಿನಲ್ಲಿ ಒಂದೊಂದೇ ತಲೆ ಎದ್ದು, ಅವಳ ಎದೆ ನೋಡಿ, ಕಂಪ್ಯೂಟರ್ ಪರದೆಗೆ ಬಗ್ಗಿತು. ‘ಅಕ್ಕಾ’ ಎಂದು ಯಾರಾದರೂ ಕೂಗಬಹುದೆಂದು ಮೆಟ್ಟಿಲ ಬಳಿ ಅರೆಕ್ಷಣ ನಿಂತಳು. ಕೀಲಿಮಣೆಗಳ ಸದ್ದಷ್ಟೇ ಬಂತು.

ಬೀದಿಯಲ್ಲಿ ಗಾಳಿ ಜೋರಾಗಿತ್ತು. ಎದುರಿಗೆ ಬಂದವರು ತಿರುಗಿ ತಿರುಗಿ ನೋಡಿದರು. ಕೈಕಟ್ಟಿ ಮುಚ್ಚಿಕೊಳ್ಳಬೇಕೆನಿಸಿತು, ಕಟ್ಟಲಿಲ್ಲ. ಕೈ ಬೀಸಿಕೊಂಡೇ ಬಸ್ಸಿನ ಕಡೆ ನಡೆದಳು.