ಪರದೆ ಕುಣಿಯಬೇಕಂತೆ

ಅತ್ತಿಗೆ ಮತ್ತೊಮ್ಮೆ ವಾಂತಿ ಮಾಡಿಕೊಂಡು ಬಂದು ಕುರ್ಚಿಗೊರಗಿದಾಗ ನಾದಿನಿಗೆ ತಾನು ಬರೆದ ಕಂಪ್ಯೂಟರ್ ಕೋಡಿನ ಮೇಲೇ ಹೇಸಿಗೆ ಹುಟ್ಟಿತು. ಬಾಡಿಗೆ ಕರಾರು ತಯಾರಿಸುವ ಆಫೀಸು ಅದು. ಕೋಡು ತಾನೇ ವರ್ಡ್ ಫೈಲು ತೆರೆದು, ಹೆಸರು ವಿಳಾಸ ತುಂಬಿ, ಮುಚ್ಚುತ್ತಿತ್ತು. ಪಕ್ಕದಲ್ಲಿ ಕೂತು ತಪ್ಪು ಹುಡುಕುವುದು ಅತ್ತಿಗೆಯ ಕೆಲಸ. ಒಂದೊಂದು ಪದ ಬಿದ್ದಾಗಲೂ ಪುಟ ಮೇಲಕ್ಕೂ ಕೆಳಕ್ಕೂ ಹಾರಿ ಪರದೆ ಪಟಪಟನೆ ಮಿನುಗುತ್ತಿತ್ತು. ತಲೆ ಗಿರ್ರೆನ್ನದೆ ಇನ್ನೇನಾದೀತು?

“ಡ್ಯೂಟೀಲಿ ಕಣ್ಣು ಮುಚ್ಕೊಂಡು ಕೂರೋರನ್ನ ಮನೆಗೆ ಕಳಿಸ್ಬಿಡ್ತೀನಿ,” ಎಂದು ಮಾಲೀಕರು ಬೆಳಿಗ್ಗೆಯಷ್ಟೇ ಗುಡುಗಿದ್ದರು. ಇದೇ ಕುರ್ಚಿಯಲ್ಲಿ ಟೈಪು ಕುಟ್ಟಿಯೇ ಅತ್ತಿಗೆ ನಾದಿನಿಯನ್ನು ಓದಿಸಿದ್ದಳು. ಆ ಕುರ್ಚಿ ಹೋಗಬಾರದು, ಅಷ್ಟೆ.

ನಾದಿನಿ ಕೋಡಿಗೆ ಎರಡು ಸಾಲು ಸೇರಿಸಿದಳು. ಕೆಲಸ ನಡೆಯುವಾಗ ಪರದೆಯ ಮೇಲೆ ಏನನ್ನೂ ತೋರಿಸಬೇಡ ಎನ್ನುವುದು ಮೊದಲನೆಯದು. ಮುಗಿದ ಮೇಲೆ ಮತ್ತೆ ತೋರಿಸು ಎನ್ನುವುದು ಎರಡನೆಯದು. ಪರದೆ ಗಪ್‌ಚಿಪ್ ಆಯಿತು, ಕೆಲಸವೂ ಚುರುಕಾಯಿತು.

“ಅಬ್ಬಾ, ಬದುಕ್ದೆ ಕಣೇ!” ಎಂದಳು ಅತ್ತಿಗೆ.

ಅಷ್ಟರಲ್ಲಿ ಮಾಲೀಕರು ಗಿರಾಕಿಯೊಬ್ಬರನ್ನು ಕರೆದುಕೊಂಡು ಬಂದರು. “ಇದೇನ್ರೀ, ನಿಂತೇ ಹೋಗಿದೆ!” ಎಂದವರೇ, ನಾದಿನಿ ಬೇಡ ಬೇಡ ಎನ್ನುತ್ತಿದ್ದರೂ ಪ್ಲಗ್ಗು ಕಿತ್ತರು. ತುಂಬುತ್ತಿದ್ದ ಕರಾರುಗಳೆಲ್ಲ ಮಣ್ಣುಪಾಲು. ಬೈಗುಳ ಮಾತ್ರ ನಾದಿನಿಗೆ.

“ಪರದೆ ಕುಣೀತಿದ್ರೇನೇ ಕೆಲ್ಸ ಆಗ್ತಿದೆ ಅಂತ ಜನಕ್ಕೆ ಗೊತ್ತಾಗೋದು. ಕುಣಿಸಮ್ಮ!”

ಥೂ, ಇದೂ ಒಂದು ಬಾಳೇ! ಆದರೂ ಅತ್ತಿಗೆಗೋಸ್ಕರ ಕುಣಿಸಿದಳು. ನಿಜವಾದ ಕೆಲಸ ಅತ್ತಿಗೆಯ ಕಂಪ್ಯೂಟರಿನಲ್ಲಿ ಸದ್ದಿಲ್ಲದೆ ನಡೆಯಿತು. ಮಾಲೀಕರ ಕೋಣೆಯ ಕಂಪ್ಯೂಟರಿನಲ್ಲಿ ಒಂದು ಸುಳ್ಳು ಕರಾರು ಸುಮ್ಮಸುಮ್ಮನೆ ತುಂಬಿಕೊಳ್ಳುತ್ತ, ಅಳಿಸಿಕೊಳ್ಳುತ್ತ ಹಾರಾಡಿತು. ಗಿರಾಕಿಗಳು ಬಾಯಿ ಬಿಟ್ಟುಕೊಂಡು ನೋಡಿದರು, ಮಾಲೀಕರು ಮೀಸೆ ತಿರುವಿದರು.

ವಾರ ಕಳೆದಿರಲಿಲ್ಲ, ಮಾಲೀಕರು ಕರೆದರು. “ಎಲ್ಲಾ ತಾನೇ ಮಾಡತ್ತಲ್ಲ, ನಿಮ್ಮತ್ತಿಗೆ ಇನ್ಯಾಕೆ? ನಾಳೆಯಿಂದ ಬರೋದು ಬೇಡ ಅನ್ನು.”

“ಸಾರ್, ಇದು ಬರೀ ನಾಟಕ. ತಪ್ಪು ಹಿಡಿಯೋದು ಅತ್ತಿಗೇನೇ.”

“ಗೊತ್ತಿಲ್ವೇನಮ್ಮ ನಂಗೆ? ಬಂದೋರು ನೋಡೋದು ನಾಟಕಾನೇ. ತಪ್ಪು ಹುಡುಕ್ತಾ ಕೂತಿರೋಳನ್ನ ಯಾರು ನೋಡ್ತಾರೆ?”

ಗೊತ್ತಿತ್ತಂತೆ! ಅವಳ ಮೈಯೆಲ್ಲ ಉರಿದುಹೋಯಿತು. ಅವರ ಕಂಪ್ಯೂಟರಿನ ಮುಂದೆ ಕೂತು, ನಾಟಕದ ಕೋಡಿಗೆ ಏನನ್ನೂ ತೋರಿಸಬೇಡ ಎನ್ನುವ ತನ್ನ ಹಳೆಯ ಮೊದಲನೇ ಸಾಲನ್ನು ಸೇರಿಸಿದಳು. ಎರಡನೆಯದನ್ನು ಸೇರಿಸಲಿಲ್ಲ.

ಹೊಸ ಗಿರಾಕಿಗಳು ಬಂದು ಕೂತರು. ಮಾಲೀಕರು ಗತ್ತಿನಿಂದ ಗುಂಡಿ ಒತ್ತಿದರು. ಪರದೆ ಬೆಳ್ಳಗೆ ನಿಂತುಬಿಟ್ಟಿತು, ಮಿಸುಕಲಿಲ್ಲ.

“ಏನಾಯ್ತಮ್ಮ ಇದಕ್ಕೆ?”

ನಾದಿನಿ ಆಗಲೇ ಅತ್ತಿಗೆಯ ಚೀಲ ಹೆಗಲಿಗೇರಿಸಿಕೊಂಡು, ಅವಳ ಕೈ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

“ಡ್ಯೂಟೀಲಿ ಕಣ್ಣು ಮುಚ್ಕೊಂಡಿದೆ ಸಾರ್. ಮನೆಗೆ ಕಳಿಸ್ಬಿಡಿ.”